ರಕ್ತದ ಚೀಟಿಯನ್ನು ಓದಿ ಹೇಳುವವರು ಯಾರು?



ಈ ಸಲ ಕಬ್ಬಿನ ಸುಗ್ಗಿ ಮುಗಿಸಿ ನಮ್ಮ ಮಂದಿ ಊರಿಗೆ ಮರಳಿದ ಮೇಲೆ ಒಂದು ಭಾನುವಾರ ನಡೆದ ಸಂಗತಿ ಇದು. ಆರಾಧನೆ ಮುಗಿದು ಎಲ್ಲರೂ ಹೊರಗೆ ಹೋದರೂ ಒಬ್ಬ ತಾಯಿ ಬಾಗಿಲ ಹತ್ತಿರವೇ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ನನ್ನ ಕೈಗೆ ಕೊಟ್ಟಳು.

"ಅಣ್ಣಾರ, ಇದರಾಗ ನಮ್ಮ ಮನಿಯವ್ರು ಉಳಿತಾರಂತ ಬರದೈತೋ ಇಲ್ಲೋ, ಅಷ್ಟ ಹೇಳ್ರಿ" ಎಂದಳು.

ಅದು ಅವಳ ಗಂಡನ ಲಿವರ್ ಪರೀಕ್ಷೆಯ ಚೀಟಿ. ಎರಡು ಅಂಕಿಗಳ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿತ್ತು. ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಕೊಟ್ಟ ಹುಡುಗ ಮರಾಠಿಯಲ್ಲಿ "ಲಿವ್ಹರ್ ಖರಾಬ್ ಆಹೆ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆದನಂತೆ. ಈ ತಾಯಿಗೆ ತಿಳಿದ ಮಾತು ಕನ್ನಡ ಒಂದೇ. "ಖರಾಬ್" ಎಂಬುದು ಮಾತ್ರ ಕಿವಿಗೆ ಬಿದ್ದಿತ್ತು. ಮನೆಗೆ ಬಂದು ಎರಡು ಆಡುಗಳನ್ನು ಮಾರಿದ್ದಳು. ಬರುವ ಬುಧವಾರ ಗಂಡನನ್ನು ನಾಟಿ ಔಷಧದವನ ಬಳಿಗೆ ಕರೆದೊಯ್ದು, ಕಾಮಾಲೆಗೆಂದು ಕೈಗೆ ಬರೆ ಹಾಕಿಸುವುದೆಂದು ಗೊತ್ತುಮಾಡಿದ್ದಳು.

ನಾನು ಚೀಟಿಯನ್ನು ನೋಡಿದೆ, ಆದರೆ ಉತ್ತರ ಕೊಡಲಿಲ್ಲ. ಕೊಡದೆ ಇದ್ದುದಕ್ಕೆ ಕಾರಣವಿದೆ. ಅದನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ.

ಕೆಲವು ವರ್ಷಗಳ ಹಿಂದೆ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದ ಒಬ್ಬ ಸಹೋದರ ಇಂಥದೇ ಒಂದು ಚೀಟಿ ತಂದಿದ್ದ. ಅವನಿಗೆ ಕುಡಿಯುವ ಚಟವಿತ್ತು, ಕಾಲು ಬಾತಿದ್ದವು. ಯಾವುದೋ ಶಿಬಿರದಲ್ಲಿ ರಕ್ತ ತೆಗೆದು ಚೀಟಿ ಕೈಗಿಟ್ಟು ಕಳಿಸಿದ್ದರು. ನಾನು ಎಸ್‌ಎಸ್‌ಎಲ್‌ಸಿ ಓದಿದವನು, ಇಂಗ್ಲಿಷ್ ಅಕ್ಷರ ಬಲ್ಲವನು. ಮೇಲಿನ ಸಾಲುಗಳನ್ನು ನೋಡಿದೆ. ಎಸ್.ಜಿ.ಪಿ.ಟಿ. 31 ಇತ್ತು, ಎಸ್.ಜಿ.ಓ.ಟಿ. 54 ಇತ್ತು. "ಒಂದು ಸರಿಯಾಗಿದೆ, ಇನ್ನೊಂದು ಸ್ವಲ್ಪ ಹೆಚ್ಚು, ಭಯ ಬೇಡ" ಎಂದುಬಿಟ್ಟೆ. ಕೆಳಗೆ ಆಲ್ಬುಮಿನ್ 2.4 ಎಂದಿತ್ತು. ಅದು ಏನೆಂದು ನನಗೆ ತಿಳಿದಿರಲಿಲ್ಲ, ತಿಳಿದಿಲ್ಲವೆಂದು ಹೇಳಲೂ ಇಲ್ಲ. ಅವನು ಸಂತೋಷದಿಂದ ಮನೆಗೆ ಹೋದ, ಕುಡಿತವನ್ನು ಬಿಡಲಿಲ್ಲ. ಆ ಮಳೆಗಾಲದಲ್ಲಿ ರಕ್ತ ವಾಂತಿ ಮಾಡಿಕೊಂಡು ಮಿರಜಿಗೆ ಹೋಗುವ ದಾರಿಯಲ್ಲೇ ತೀರಿಕೊಂಡ. ಅವನ ಮಣ್ಣಿನಲ್ಲಿ ಪ್ರಾರ್ಥನೆ ಮಾಡಿದವನೂ ನಾನೇ.

ಅದಾದ ಮೇಲೆ ನಮ್ಮ ಮಾತು ಬಲ್ಲ ಒಬ್ಬ ವೈದ್ಯರ ಬಳಿ ಹೋಗಿ, ಈ ಚೀಟಿಯಲ್ಲಿ ಏನಿರುತ್ತದೆಂದು ಸಾಲು ಸಾಲಾಗಿ ಕೇಳಿ ಬರೆದುಕೊಂಡೆ. ಅದನ್ನು ಇಲ್ಲಿ ಕೊಡುತ್ತಿದ್ದೇನೆ. ನೀವೇ ವೈದ್ಯರಾಗಬೇಕೆಂದು ಅಲ್ಲ, ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ತಿಳಿದಿರಲಿ ಎಂದು.

ಲಿವರ್ ಎಂದರೆ ಯಕೃತ್ತು. ಕುರಿ ಕೊಯ್ದಾಗ ಕಲೇಜಿ ಎನ್ನುತ್ತೇವಲ್ಲ, ಅದೇ. ನಮ್ಮ ಹೊಟ್ಟೆಯ ಬಲ ಮಗ್ಗುಲಲ್ಲಿ ಪಕ್ಕೆಲುಬಿನ ಅಡಿಯಲ್ಲಿ ಇರುತ್ತದೆ. ಇದನ್ನು ಬೆಲ್ಲದ ಗಾಣದ ಮನೆಗೆ ಹೋಲಿಸಬಹುದು. ಗಾಣದ ಮನೆ ನೆಟ್ಟಗೆ ನಡೆದಿದೆಯೋ ಇಲ್ಲವೋ ಎಂದು ನೋಡುವವನು ಮೂರು ವಿಷಯ ನೋಡುತ್ತಾನೆ. ಕೊಪ್ಪರಿಗೆ ಸೀಳಿ ಕಬ್ಬಿನ ಹಾಲು ಸೋರುತ್ತಿದೆಯೇ? ಹೊಲಸು ಹರಿದುಹೋಗುವ ಕಾಲುವೆ ಕಟ್ಟಿಕೊಂಡಿದೆಯೇ? ದಿನದ ಕೊನೆಗೆ ಎಷ್ಟು ಪೆಂಟೆ ಬೆಲ್ಲ ಇಳಿಯಿತು? ಲಿವರಿನ ಚೀಟಿಯಲ್ಲಿಯೂ ಈ ಮೂರೇ ಇರುವುದು.

ಮೊದಲನೆಯದು ಸೋರಿಕೆ. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಎರಡು ಸಾಲುಗಳು ಇದನ್ನು ಹೇಳುತ್ತವೆ. ಕೆಲವು ಕಡೆ ಹೊಸ ಹೆಸರಿನಿಂದ ಎ.ಎಸ್.ಟಿ., ಎ.ಎಲ್.ಟಿ. ಎಂದು ಬರೆಯುತ್ತಾರೆ. ಇವು ಜೀವಕೋಶಗಳ ಒಳಗೆ ಇರಬೇಕಾದ ವಸ್ತುಗಳು. ಕೋಶಕ್ಕೆ ಪೆಟ್ಟಾದಾಗ ಸೋರಿ ರಕ್ತಕ್ಕೆ ಬರುತ್ತವೆ. ಸಾಮಾನ್ಯವಾಗಿ ಸುಮಾರು 40ರ ವರೆಗೆ ಇರಬಹುದು. ಮೇಲಿನ ಮಿತಿ ಒಂದೊಂದು ಲ್ಯಾಬಿನಲ್ಲಿ ಸ್ವಲ್ಪ ಬೇರೆಯಾಗುವುದರಿಂದ ಚೀಟಿಯ ಬಲಗಡೆ ಅಚ್ಚಾದ ಮಿತಿಯನ್ನೇ ನೋಡಬೇಕು. ಸಾವಿರ, ಎರಡು ಸಾವಿರಕ್ಕೆ ಏರಿದ್ದರೆ ಹೊಸದಾಗಿ ದೊಡ್ಡ ಪೆಟ್ಟಾಗಿದೆ ಎಂದು ತಿಳಿಯಬೇಕು. ಕಾಮಾಲೆಯ ವೈರಸ್ಸಿನಿಂದ, ಔಷಧದ ವಿಷದಿಂದ, ಇಲ್ಲವೆ ಲಿವರಿಗೆ ರಕ್ತ ಸಾಲದೆ ಹಾಗಾಗಬಹುದು. ಕುಡಿತದಿಂದ ಕೆಟ್ಟ ಲಿವರಿನಲ್ಲಿ ಅಂಕಿ ಅಷ್ಟು ಏರುವುದು ಅಪರೂಪ. ಅಲ್ಲಿ ಎಸ್.ಜಿ.ಓ.ಟಿ.ಯು ಎಸ್.ಜಿ.ಪಿ.ಟಿ.ಗಿಂತ ಎರಡು ಪಟ್ಟು ಇರುವುದೇ ಹೆಚ್ಚಾಗಿ ಕಾಣುವ ಗುರುತು. ನನ್ನ ಕೈಗೆ ಬಂದಿದ್ದ ಆ ಸಹೋದರನ ಚೀಟಿಯಲ್ಲಿ ಆ ಗುರುತು ಹತ್ತಿರ ಹತ್ತಿರ ಇತ್ತು. ನಾನು ಕಾಣಲಿಲ್ಲ.

ಎರಡನೆಯದು ಕಾಲುವೆ. ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಜಿ.ಜಿ.ಟಿ. ಎಂಬ ಸಾಲುಗಳು ಇದಕ್ಕೆ ಸೇರುತ್ತವೆ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಆಗ ಉಳಿಯುವ ಹಳದಿ ಬಣ್ಣವೇ ಬಿಲಿರುಬಿನ್. ಲಿವರು ಅದನ್ನು ಪಿತ್ತದೊಡನೆ ಕರುಳಿಗೆ ಸಾಗಿಸುತ್ತದೆ. ಒಟ್ಟು ಬಿಲಿರುಬಿನ್ ಸುಮಾರು 1ರ ಒಳಗೆ ಇರಬೇಕು. ಎರಡೂವರೆ ಮೂರಕ್ಕೆ ಬಂದಾಗ ಕಣ್ಣು ಹಳದಿಯಾಗುವುದು ಕಾಣುತ್ತದೆ. ಚೀಟಿಯಲ್ಲಿ ಡೈರೆಕ್ಟ್, ಇನ್‌ಡೈರೆಕ್ಟ್ ಎಂದು ಎರಡು ಭಾಗ ಇರುತ್ತವೆ. ಡೈರೆಕ್ಟ್ ಹೆಚ್ಚಿದ್ದರೆ ಲಿವರಿನಲ್ಲೋ ಪಿತ್ತದ ನಾಳದಲ್ಲೋ ತೊಂದರೆ, ಉಚ್ಚೆ ಕಡು ಚಹದ ಬಣ್ಣಕ್ಕೆ ತಿರುಗುತ್ತದೆ. ಇನ್‌ಡೈರೆಕ್ಟ್ ಮಾತ್ರ ಹೆಚ್ಚಿದ್ದರೆ ಮಲೇರಿಯಾದಂಥ ಜ್ವರದಲ್ಲಿ ರಕ್ತ ಕಣಗಳು ಬೇಗ ಒಡೆಯುತ್ತಿರಬಹುದು. ಕೆಲವರಿಗೆ ಹುಟ್ಟಿನಿಂದಲೇ ಅದು ತುಸು ಹೆಚ್ಚು ಇರುತ್ತದೆ, ಉಪವಾಸ ಮಾಡಿದಾಗ ಏರುತ್ತದೆ, ಅದರಿಂದ ಕೇಡಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಎಲುಬಿನಿಂದಲೂ, ಬಸುರಿಯರಲ್ಲಿ ಮಾಸಿನಿಂದಲೂ ಬರುತ್ತದೆ. ಆದುದರಿಂದ ಬೆಳೆಯುವ ಮಕ್ಕಳಲ್ಲಿ ಹಾಗೂ ದಿನ ತುಂಬುತ್ತಿರುವ ಬಸುರಿಯರಲ್ಲಿ ಹೆಚ್ಚಿರುವುದು ಸಹಜ. ಮಗುವಿನ ಚೀಟಿಯಲ್ಲಿ ಆ ಒಂದು ನಕ್ಷತ್ರ ಕಂಡು ಅಳುವ ತಾಯಂದಿರು ಇದನ್ನು ತಿಳಿದಿರಬೇಕು.

ಮೂರನೆಯದು ಇಳಿದ ಬೆಲ್ಲ, ಅಂದರೆ ಲಿವರು ಮಾಡಿದ ಕೆಲಸ. ಆಲ್ಬುಮಿನ್ ಎಂಬ ಸಾರವನ್ನು ಲಿವರೇ ತಯಾರಿಸುತ್ತದೆ. ಅದು ಸುಮಾರು 3.5ರಿಂದ 5ರ ನಡುವೆ ಇರಬೇಕು. ಕಡಿಮೆಯಾದರೆ ನೀರು ರಕ್ತನಾಳದಲ್ಲಿ ನಿಲ್ಲದೆ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಮೂತ್ರಪಿಂಡದ ಬೇನೆಯಲ್ಲಿಯೂ, ಬಹುದಿನದ ರೋಗದಲ್ಲಿಯೂ ಇದು ಕಡಿಮೆಯಾಗುವುದುಂಟು. ಆದುದರಿಂದ ಯಾವುದರಿಂದ ಎಂಬುದನ್ನು ವೈದ್ಯರೇ ಹೇಳಬೇಕು. ಇದರ ಜೊತೆಗೆ ಪಿ.ಟಿ., ಐ.ಎನ್.ಆರ್. ಎಂಬ ಪರೀಕ್ಷೆಯುಂಟು. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಲಿವರು ಮಾಡುತ್ತಿದೆಯೇ ಎಂದು ಇದು ತಿಳಿಸುತ್ತದೆ. ಐ.ಎನ್.ಆರ್. 1ರ ಹತ್ತಿರ ಇರಬೇಕು. ಸಾಮಾನ್ಯ ಚೀಟಿಯಲ್ಲಿ ಈ ಸಾಲು ಹಲವು ಸಲ ಇರುವುದೇ ಇಲ್ಲ, ಬೇರೆಯಾಗಿ ಮಾಡಿಸಬೇಕಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೊಪ್ಪರಿಗೆಯಲ್ಲಿ ಹಾಲೇ ಉಳಿಯದಿದ್ದರೆ ಸೋರುವುದಾದರೂ ಏನು? ಬಹುಕಾಲ ಕೆಟ್ಟು ಗಟ್ಟಿಯಾದ ಲಿವರಿನಲ್ಲಿ ಸೋರಿಕೆಯ ಅಂಕಿಗಳು ಸರಿಯಾಗಿಯೇ ಕಾಣಬಹುದು. ಭಾರೀ ಕಾಮಾಲೆಯಲ್ಲಿ ಸಾವಿರದಲ್ಲಿದ್ದ ಅಂಕಿ ಸರ್ರನೆ ಇಳಿಯುತ್ತಾ, ಅದೇ ಹೊತ್ತಿಗೆ ಬಿಲಿರುಬಿನ್ನೂ ಐ.ಎನ್.ಆರ್.ಉ ಏರುತ್ತಿದ್ದರೆ ಅದು ಗುಣವಾಗುವ ಲಕ್ಷಣವಲ್ಲ, ಲಿವರು ಸೋಲುವ ಲಕ್ಷಣ. ನಕ್ಷತ್ರ ಇದ್ದ ಮಾತ್ರಕ್ಕೆ ಸಾವು ಬಂತೆಂದಲ್ಲ, ಇಲ್ಲದ ಮಾತ್ರಕ್ಕೆ ಕ್ಷೇಮವೆಂದೂ ಅಲ್ಲ. ಒಂದು ಸಾಲನ್ನು ಓದಿ ತೀರ್ಪು ಕೊಡುವವನು, ನಾನು ಮಾಡಿದಂತೆ, ಮನೆಗೆ ಕೇಡು ತರುತ್ತಾನೆ.

ಇನ್ನು ಆ ತಾಯಿಯ ಗಂಡನ ವಿಷಯ. ಅವನ ಎಸ್.ಜಿ.ಓ.ಟಿ. 88, ಎಸ್.ಜಿ.ಪಿ.ಟಿ. 56, ಉಳಿದ ಸಾಲುಗಳೆಲ್ಲ ಮಿತಿಯೊಳಗೆ. ಮರುದಿನ ಇಬ್ಬರನ್ನೂ ಕರೆದುಕೊಂಡು ವೈದ್ಯರ ಬಳಿಗೆ ಹೋದೆ. ಅವರು ಚೀಟಿಗಿಂತ ಮೊದಲು ಮನುಷ್ಯನನ್ನು ನೋಡಿದರು. ಕುಡಿಯುತ್ತೀಯಾ? ಇಲ್ಲ. ಗುಳಿಗೆ ಏನು ನುಂಗುತ್ತಿದ್ದಿ? ಮೈಕೈ ನೋವಿಗೆ ಒಂದೊಂದು. ರಕ್ತ ಕೊಡುವ ಮೊದಲು ಎಲ್ಲಿದ್ದಿ? ಹಿಂದಿನ ರಾತ್ರಿಯ ವರೆಗೂ ಗಾಡಿಗೆ ಕಬ್ಬು ಹೇರುತ್ತಿದ್ದ.

ಅಲ್ಲಿಯೇ ಉತ್ತರವಿತ್ತು. ಎಸ್.ಜಿ.ಓ.ಟಿ. ಲಿವರಿನ ಸ್ವಂತ ಸೊತ್ತಲ್ಲ. ಹೃದಯದಲ್ಲಿಯೂ, ತೋಳು ತೊಡೆಗಳ ಮಾಂಸಖಂಡದಲ್ಲಿಯೂ, ರಕ್ತದ ಕಣಗಳಲ್ಲಿಯೂ ಅದು ಇದೆ. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೋಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಮೂವರು ಈ ಪರೀಕ್ಷೆಯನ್ನು ಲೋಕಕ್ಕೆ ತಿಳಿಸಿದ್ದು ಹೃದಯಾಘಾತವನ್ನು ಗುರುತಿಸುವುದಕ್ಕಾಗಿ. ಲಿವರಿಗೆ ಬಳಸಿದ್ದು ಆಮೇಲೆ. ಹಗಲು ರಾತ್ರಿ ಮೋಳಿಗೆ ಹೊತ್ತು ಏಣಿ ಹತ್ತಿದವನ ಮಾಂಸಖಂಡ ಬಳಲಿ ಈ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಎಸ್.ಜಿ.ಪಿ.ಟಿ.ಯೂ ಸ್ವಲ್ಪ ಏರುತ್ತದೆ. ವೈದ್ಯರು ಮಾಂಸಖಂಡದ್ದೇ ಆದ ಸಿ.ಪಿ.ಕೆ. ಎಂಬ ಪರೀಕ್ಷೆ ಮಾಡಿಸಿದರು, ಅದು ಬಹಳ ಹೆಚ್ಚಿತ್ತು. ಎರಡು ವಾರ ಭಾರ ಎತ್ತಬೇಡ ಎಂದರು. ಮತ್ತೆ ರಕ್ತ ನೋಡಿದಾಗ ಎರಡು ನಕ್ಷತ್ರಗಳೂ ಹೋಗಿದ್ದವು. ಬರೆ ತಪ್ಪಿತು. ಮಾರಿದ ಆಡುಗಳು ಮಾತ್ರ ತಿರುಗಿ ಬರಲಿಲ್ಲ.

ಇದರಿಂದ ನಾವು ಕಲಿಯುವುದೇನು? ಅಂಕಿಯ ಅರ್ಥ ಚೀಟಿಯಲ್ಲಿ ಅರ್ಧ ಇದೆ, ಇನ್ನರ್ಧ ನಮ್ಮ ಬಾಯಲ್ಲಿದೆ. ಕೆಲಸ ಏನು, ಕುಡಿತ ಎಷ್ಟು, ಔಷಧ ಯಾವುದು ಎಂಬುದನ್ನು ನಿಜವಾಗಿ ಹೇಳಬೇಕು. ಹೆಂಡತಿಯ ಮುಂದೆ ನಾಚಿಕೆಯೆಂದು ಕುಡಿತವನ್ನು ಮುಚ್ಚಿಟ್ಟರೆ ವೈದ್ಯರು ತಪ್ಪು ದಾರಿ ಹಿಡಿಯುತ್ತಾರೆ. ಮೈನೋವಿನ ಗುಳಿಗೆಗಳಲ್ಲಿ ಹೆಸರು ಬೇರೆ ಬೇರೆಯಿದ್ದರೂ ಒಳಗಿರುವುದು ಬಹಳ ಸಲ ಪ್ಯಾರಾಸಿಟಮಾಲ್ ಒಂದೇ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ 8 ಗುಳಿಗೆ, ಮೀರಬಾರದ ಗೆರೆ. ಕುಡಿಯುವವರಿಗೆ, ಲಿವರು ಕೆಟ್ಟವರಿಗೆ ಆ ಗೆರೆ ಇನ್ನೂ ಕೆಳಗಿದೆ. ಕ್ಷಯದ ಗುಳಿಗೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಎಂಬವು ಕೆಲವರ ಲಿವರಿಗೆ ತೊಂದರೆ ಕೊಡುತ್ತವೆ. ಆ ಔಷಧ ನಡೆದಿರುವಾಗ ವಾಂತಿ, ಹಳದಿ ಕಣ್ಣು, ಕಡು ಬಣ್ಣದ ಉಚ್ಚೆ ಕಂಡರೆ ಅದೇ ದಿನ ದವಾಖಾನೆಗೆ ಹೋಗಿರಿ. ಯಾರಿಗೂ ಹೇಳದೆ ಗುಳಿಗೆ ಬಿಟ್ಟು ಮನೆಯಲ್ಲಿ ಕೂಡಬೇಡಿ. ಕ್ಷಯ ತಿರುಗಿ ಬಂದರೆ ಗುಣಪಡಿಸುವುದು ಮೊದಲಿಗಿಂತ ಕಠಿಣ.

ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಔಷಧ ಹೊಡೆಯುವವರು ಇನ್ನೊಂದು ಮಾತು ತಿಳಿಯಬೇಕು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಹತ್ತಿದೆಯೇ ಎಂದು ಲಿವರಿನ ಚೀಟಿ ಹೇಳುವುದಿಲ್ಲ. ಅದಕ್ಕೆ ಕೋಲಿನೆಸ್ಟರೇಸ್ ಎಂಬ ಬೇರೆ ಪರೀಕ್ಷೆಯಿದೆ. "ಲಿವರ್ ಸರಿಯಿದೆ" ಎಂದು ತೋಟದ ಮಾಲೀಕನು ಚೀಟಿ ತೋರಿಸಿದರೆ ಅಷ್ಟಕ್ಕೆ ಸುಮ್ಮನಾಗಬೇಡಿ. ಹಾಗೆಯೇ ಕಾಮಾಲೆ ಯಾವ ವೈರಸ್ಸಿನಿಂದ ಎಂಬುದನ್ನೂ ಈ ಚೀಟಿ ತಿಳಿಸುವುದಿಲ್ಲ. ಹೆಪಟೈಟಿಸ್ ಬಿ, ಸಿ ಎಂಬವು ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯಿಂದ ಹರಡುತ್ತವೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಅವಕ್ಕೆ ಬೇರೆ ಪರೀಕ್ಷೆ ಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವುಗಳ ಪರೀಕ್ಷೆಯೂ ಔಷಧವೂ ಸರಕಾರಿ ಕೇಂದ್ರಗಳಲ್ಲಿ ಪುಕ್ಕಟೆ. ಹುಟ್ಟಿದ ಕೂಸಿಗೆ 24 ತಾಸಿನೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.

ನೀರಿನಿಂದ ಬರುವ ಕಾಮಾಲೆ ಬೇರೆ. 2012ರಲ್ಲಿ ನಮ್ಮ ನೆರೆಯ ಇಚಲಕರಂಜಿಯಲ್ಲಿ ಕೆಟ್ಟ ಕುಡಿಯುವ ನೀರಿನಿಂದ ಹೆಪಟೈಟಿಸ್ ಇ ಹರಡಿ ಸಾವಿರಾರು ಜನ ಹಾಸಿಗೆ ಹಿಡಿದರು, ಗರ್ಭಿಣಿಯರೂ ಪ್ರಾಣ ಕಳೆದುಕೊಂಡರು. ಈ ಬೇನೆ ಬಸುರಿಯರಿಗೆ ಬಹಳ ಅಪಾಯಕರ. ಜತ್ತ ಸೀಮೆಯಲ್ಲಿ ಬೇಸಿಗೆಗೆ ಟ್ಯಾಂಕರ್ ನೀರು, ಕಬ್ಬಿನ ಫಡದಲ್ಲಿ ಕಾಲುವೆಯ ನೀರು ಕುಡಿಯುವವರು ನಾವು. ಕುದಿಸಿದ ನೀರು ಕುಡಿಯಿರಿ. ಬಸುರಿಯ ಕಣ್ಣು ಹಳದಿಯಾದರೆ ಚೀಟಿಗಾಗಿ ಕಾಯದೆ ದವಾಖಾನೆಗೆ ಒಯ್ಯಿರಿ. ಕಾಮಾಲೆ ಇದ್ದವರು ಮಂಕಾದರೆ, ಮಾತು ತಪ್ಪಿದರೆ, ರಕ್ತ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಆ ರಾತ್ರಿಯೇ ಹೊರಡಬೇಕು.

ಬರೆ ಹಾಕುವವರ ಬಗ್ಗೆ ಒಂದು ಮಾತು. "ಅಲ್ಲಿಗೆ ಹೋಗಿ ಗುಣವಾದವರು ಇದ್ದಾರಲ್ಲ" ಎನ್ನುತ್ತೀರಿ, ನಿಜ. ನೀರಿನ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬರೆಗೆ ಬರುತ್ತದೆ. ತಾನಾಗಿ ಇಳಿಯದ ಕಾಮಾಲೆಯವನು ಅಲ್ಲಿ ಕಳೆಯುವ ದಿನಗಳು ಅವನ ಜೀವಕ್ಕೆ ಎರವಾಗುತ್ತವೆ. ಆದರೆ ಆ ತಾಯಿಯನ್ನು ಬರೆಯವನ ಕಡೆಗೆ ಕಳಿಸಿದ್ದು ಅವಳ ಮೌಢ್ಯವೆಂದು ನಾನು ಹೇಳಲಾರೆ. ಬರೆಯವನು ಅವಳ ಮಾತಿನಲ್ಲಿ, ಕುಳಿತು ಮಾತಾಡುತ್ತಾನೆ. ಚೀಟಿ ಕೊಟ್ಟವರು ಮಾತಾಡಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ರಕ್ತ ತೆಗೆದು ಚೀಟಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಅದರ ಅರ್ಥವನ್ನು ದುಡಿಯುವವನಿಗೆ ಅವನ ಮಾತಿನಲ್ಲಿ ಹೇಳಿದಾಗಲೇ ಆ ಪರೀಕ್ಷೆ ಪೂರ್ತಿಯಾಗುತ್ತದೆ. ಸಂಖ, ಉಮದಿಯ ಕಡೆಯ ನಮ್ಮ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ಮನೆಯ ಹೆಂಗಸರು ಕನ್ನಡ ಬಿಟ್ಟು ಬೇರೆ ಅರಿಯರು. ಇದು ಯಾವ ರಾಜ್ಯದ ಪರ, ಯಾವ ರಾಜ್ಯದ ವಿರುದ್ಧ ಎಂಬ ಮಾತಲ್ಲ. ಮೈಯೊಳಗಿನ ಬೇನೆಯ ಸುದ್ದಿ ಮನಸ್ಸಿಗೆ ತಲುಪಬೇಕೆಂಬ ಮಾತು.

"ಕೂಲಿಯವರಿಗೆ ಇದೆಲ್ಲ ತಿಳಿಯುವುದಿಲ್ಲ, ನಮಗೆ ಹೊತ್ತೂ ಇಲ್ಲ" ಎನ್ನುವವರಿದ್ದಾರೆ. ದವಾಖಾನೆಯಲ್ಲಿ ಸಾಲು ಉದ್ದ, ವೈದ್ಯರು ಕಡಿಮೆ ಎಂಬುದನ್ನು ನಾನೂ ಕಂಡಿದ್ದೇನೆ. ಆದರೆ ಟನ್ನಿನ ಲೆಕ್ಕ, ಮುಕಾದಮನ ಮುಂಗಡದ ಲೆಕ್ಕ, ಹಿಡಿದ ತೂಕದ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರಿಗೆ ಮೂರು ಗುಂಪು ಅಂಕಿ ತಿಳಿಯದೆ ಹೋಗುವುದೇ? ಕನ್ನಡ ಬಲ್ಲ ನರ್ಸು, ಆಶಾ ಕಾರ್ಯಕರ್ತೆ ಐದು ನಿಮಿಷ ಕುಳಿತರೆ ಸಾಕು.

ಸಂಘದವರು ಕೇಳಬೇಕಾದದ್ದೂ ಇದೆ. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 15ರಿಂದ ಸಾರ್ವಜನಿಕ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ ಚಿಕಿತ್ಸೆ ಪುಕ್ಕಟೆಯಾಗಿದೆ. ಆದುದರಿಂದ ಖಾಸಗಿ ಲ್ಯಾಬಿಗೆ ಸಾಲ ಮಾಡಿ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜತ್ತದ ಗ್ರಾಮೀಣ ರುಗ್ಣಾಲಯದಲ್ಲಿ ವಿಚಾರಿಸಿರಿ. 2020ರಲ್ಲಿ ಮಾಡಿದ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೆಲಸದ ಸುರಕ್ಷತೆಯ ಸಂಹಿತೆಯಲ್ಲಿ, ಸರಕಾರ ಗೊತ್ತುಮಾಡಿದ ವರ್ಗದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ ಮಾಡಿಸಬೇಕೆಂದಿದೆ. ಮುಕಾದಮನ ಹೆಸರು ಹೇಳಿ ಕಾರಖಾನೆಯವರು, ಕಾರಖಾನೆಯ ಹೆಸರು ಹೇಳಿ ಮುಕಾದಮರು ಜಾರಿಕೊಳ್ಳದಂತೆ ನಾವು ನೋಡಬೇಕು. ತಪಾಸಣೆ ಆದಾಗ ಚೀಟಿಯ ಪ್ರತಿ ಕಾರ್ಮಿಕನ ಕೈಗೆ ಬರಬೇಕು, ಅರ್ಥ ಅವನ ಕಿವಿಗೆ ಬೀಳಬೇಕು. ಇದನ್ನು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಕೂಲಿಯ ದರದ ಕೆಳಗೆ ಬರೆಯೋಣ.

ಮನೆಯಲ್ಲಿ ನಾವೂ ಒಂದು ಕೆಲಸ ಮಾಡಬಹುದು. ಹಳೆಯ ಚೀಟಿಗಳನ್ನು ಒಲೆಗೆ ಹಾಕದೆ ಒಂದು ಚೀಲದಲ್ಲಿ ತಾರೀಖಿನಂತೆ ಇಡಿರಿ. ಒಂದು ಚೀಟಿಗಿಂತ ಎರಡು ಚೀಟಿ ವೈದ್ಯರಿಗೆ ಹೆಚ್ಚು ಹೇಳುತ್ತವೆ, ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ವೈದ್ಯರನ್ನು ಮೂರು ಮಾತು ಕೇಳಿರಿ: ಸೋರಿಕೆ ಎಷ್ಟು, ಕಾಲುವೆ ಹರಿಯುತ್ತಿದೆಯೇ, ಲಿವರಿನ ಕೆಲಸ ನಡೆದಿದೆಯೇ? ಮತ್ತೆ ಯಾವಾಗ ರಕ್ತ ನೋಡಬೇಕೆಂಬುದನ್ನೂ ಕೇಳಿಕೊಂಡು ಬನ್ನಿರಿ.

ಇನ್ನು ಮುಂದೆಯೂ ನೀವು ನನ್ನ ಬಳಿಗೆ ಚೀಟಿ ತರುತ್ತೀರಿ, ತನ್ನಿರಿ. ಆದರೆ ತೀರ್ಪನ್ನು ನನ್ನಿಂದ ಬೇಡಬೇಡಿ. ಚೀಟಿ ಹಿಡಿದುಕೊಂಡು ನಿಮ್ಮ ಜೊತೆಗೆ ದವಾಖಾನೆಗೆ ಬರುತ್ತೇನೆ, ಅಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ಅಂದು ಆ ಸಹೋದರನಿಗೆ ನಾನು ಮಾಡಬೇಕಾಗಿದ್ದುದು ಇಷ್ಟೇ.

ನಿಮ್ಮ ಸಹೋದರ,
ಒಬ್ಬ ಉಪದೇಶಿ, ಜತ್ತ ತಾಲೂಕು